ಗುರುವಿಗೆ ನಮ್ಮ ಮಾತು ತಿಳಿಯಲಿ

ಟೋಕಿಯೊದ ಪೂರ್ವ ಭಾಗದ ಎದೊಗಾವ ವಾರ್ಡಿನಲ್ಲಿ ನಿಶಿ ಕಸಾಯ್ ಎಂಬ ಬಡಾವಣೆ ಇದೆ. 2000ದ ಆಸುಪಾಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆಂದು ಬಂದ ಭಾರತೀಯರು ಅಲ್ಲಿ ಮನೆ ಹಿಡಿಯತೊಡಗಿದರು. ಹೊಸದಾಗಿ ಹೋದ ನಮ್ಮವರು ಮೊದಲು ವಿಚಾರಿಸುವುದು ತೊಗರಿಬೇಳೆ, ಹುಣಸೆಹಣ್ಣು ಎಲ್ಲಿ ಸಿಗುತ್ತದೆ ಎಂದು. ಮನೆ ಒಂದು ಹದಕ್ಕೆ ಬಂದು, ಮಕ್ಕಳು ಶಾಲೆಗೆ ಹೊಂದಿಕೊಂಡ ಮೇಲೆ ಇನ್ನೊಂದು ವಿಚಾರಣೆ ಶುರುವಾಗುತ್ತದೆ: ಇಂಗ್ಲಿಷಿನಲ್ಲಿ ಹೇಳಿಕೊಡುವ ಯೋಗದ ಕ್ಲಾಸು ಎಲ್ಲಿದೆ?

ಟೋಕಿಯೊದಲ್ಲಿ ಯೋಗಕ್ಕೆ ಬರವಿಲ್ಲ. ರೈಲು ನಿಲ್ದಾಣಗಳ ಪಕ್ಕದ ಕಟ್ಟಡಗಳಲ್ಲಿ ಸ್ಟುಡಿಯೊಗಳಿವೆ, ವಾರ್ಡುಗಳ ಕ್ರೀಡಾ ಕೇಂದ್ರಗಳಲ್ಲಿ ಕಡಿಮೆ ಶುಲ್ಕದ ಕ್ಲಾಸುಗಳೂ ನಡೆಯುತ್ತವೆ. ಆದರೆ ಅಲ್ಲೆಲ್ಲ ಪಾಠ ಜಪಾನಿಯಲ್ಲಿ. ಇಂಗ್ಲಿಷ್ ಬೇಕೆಂದರೆ ರಾಯಭಾರ ಕಚೇರಿಗಳೂ ವಿದೇಶಿಯರೂ ಹೆಚ್ಚಿರುವ ಮಿನಾತೊ ವಾರ್ಡಿನ ರೊಪ್ಪೊಂಗಿ, ಅಜಾಬು, ಶಿಬುಯಾ ವಾರ್ಡಿನ ಹಿರೋ ಕಡೆ ಹುಡುಕಬೇಕು. ನಿಶಿ ಕಸಾಯಿಯಿಂದ ತೋಜಾಯ್ ಮಾರ್ಗದ ರೈಲು ಹತ್ತಿ, ಕಯಾಬಾಚೊದಲ್ಲಿ ಇಳಿದು, ಹಿಬಿಯಾ ಮಾರ್ಗಕ್ಕೆ ಬದಲಾಯಿಸಿ ಹೋಗಬೇಕು. ಇಷ್ಟೆಲ್ಲ ಯಾಕೆ, ಆಸನಗಳು ನಮಗೆ ಗೊತ್ತಿದ್ದದ್ದೇ, ಮುಂದಿನವರನ್ನು ನೋಡಿಕೊಂಡು ಮಾಡಿದರಾಯಿತು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ನಿಜವಿದೆ. ಮೇಷ್ಟ್ರ ಮಾತು ನಮಗೆ ತಿಳಿಯದಿದ್ದರೆ ಕಣ್ಣು ಸಹಾಯಕ್ಕೆ ಬರುತ್ತದೆ. ನಮ್ಮ ಮಾತು ಮೇಷ್ಟ್ರಿಗೆ ತಿಳಿಯದಿದ್ದರೆ ಯಾವುದೂ ಸಹಾಯಕ್ಕೆ ಬರುವುದಿಲ್ಲ. ಭಾಷೆಯ ಅಗತ್ಯವನ್ನು ಈ ಎರಡನೆಯ ಕಡೆಯಿಂದ ನೋಡಬೇಕು ಎಂಬುದು ನನ್ನ ನಂಬಿಕೆ.

ಕುತ್ತಿಗೆಯ ಡಿಸ್ಕ್ ತೊಂದರೆ ಇರುವವರು ಸರ್ವಾಂಗಾಸನಕ್ಕೆ ಏಳಬಾರದು. ಗ್ಲಾಕೋಮಾ ಇರುವವರು ತಲೆಕೆಳಗಾದರೆ ಕಣ್ಣಿನ ಒತ್ತಡ ಏರುತ್ತದೆ. ರಕ್ತದೊತ್ತಡ ಹತೋಟಿಯಲ್ಲಿಲ್ಲದವರು ಉಸಿರು ಕಟ್ಟಿ ಕೂರುವುದು ಒಳ್ಳೆಯದಲ್ಲ. ಮೂರು ತಿಂಗಳ ಬಸುರಿಯನ್ನು ಹೊರನೋಟಕ್ಕೆ ಗುರುತಿಸಲಾಗುವುದಿಲ್ಲ. ಇವೆಲ್ಲ ಮೇಷ್ಟ್ರಿಗೆ ನಾವೇ ಹೇಳಿದರೆ ಮಾತ್ರ ತಿಳಿಯುವಂಥವು. ಊರಿನಲ್ಲಾದರೆ ಹಜಾರದಲ್ಲಿ ಚಾಪೆ ಬಿಡಿಸುವಾಗಲೇ, ‘ಮೇಡಂ, ನಂಗೆ ಮಂಡಿ ನೋವು, ವಜ್ರಾಸನ ಆಗಲ್ಲ’ ಎಂದುಬಿಡುತ್ತೇವೆ. ಅಷ್ಟು ಸಲೀಸಾಗಿ ಹೇಳಿಕೊಳ್ಳುವ ಅವಕಾಶಕ್ಕಾಗಿ ಎರಡು ರೈಲು ಹತ್ತಿದರೆ ಅದು ಶೋಕಿಯಲ್ಲ.

ಈ ತೊಡಕಿಗೆ ಒಂದು ಹಿಂದಿನ ಕಥೆಯಿದೆ, ಅದು ನಮ್ಮ ನಾಡಿನದೇ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ನಡೆಸುತ್ತಿದ್ದ ಯೋಗಶಾಲೆಯಿಂದ 1937ರಲ್ಲಿ ಹದಿನೆಂಟರ ಹುಡುಗನೊಬ್ಬನನ್ನು ಪುಣೆಗೆ ಕಳುಹಿಸಿದರು. ಅವನಿಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತದೆ ಎಂಬುದೇ ಆಯ್ಕೆಗೆ ಕಾರಣ. ಆದರೆ ಹುಡುಗ ಮೆಟ್ರಿಕ್ಕಿನಲ್ಲಿ ನಪಾಸಾಗಿದ್ದು ಇಂಗ್ಲಿಷಿನಲ್ಲೇ, ಮರಾಠಿಯಂತೂ ಬರುತ್ತಲೇ ಇರಲಿಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ತಮಗಿಂತ ದೊಡ್ಡವರಾದ, ಗಟ್ಟಿಮುಟ್ಟಾದ ಶಿಷ್ಯರ ಮುಂದೆ ನಿಂತದ್ದು ಹೀಗೆ. ಪರಭಾಷೆಯ ಊರಿನಲ್ಲಿ ಯೋಗ ಹೇಳಿಕೊಡುವವರ ಕಷ್ಟವನ್ನು ಅವರಷ್ಟು ಬಲ್ಲವರು ಕಡಿಮೆ. ಮುಂದೆ ಪಿಟೀಲುವಾದಕ ಯೆಹೂದಿ ಮೆನುಹಿನ್ ಅವರ ಆಹ್ವಾನದ ಮೇಲೆ 1954ರಲ್ಲಿ ಯುರೋಪಿಗೆ ಹೋದರು, ಆಮೇಲೆ ಲಂಡನ್ನಿನಲ್ಲಿ ವರ್ಷವರ್ಷವೂ ಪಾಠ ಮಾಡಿದರು. ಇವತ್ತು ಅಯ್ಯಂಗಾರ್ ಪದ್ಧತಿಯ ಕ್ಲಾಸೆಂದರೆ ಮಾತು ತುಂಬಿದ ಕ್ಲಾಸು. ಪಾದದ ಹೊರ ಅಂಚು ಒತ್ತಿ, ಮಂಡಿಚಿಪ್ಪು ಮೇಲೆಳೆಯಿರಿ, ಎದೆಯ ಎಡಭಾಗ ತಿರುಗಿಸಿ ಎಂದು ಒಂದೊಂದು ಅಂಗಕ್ಕೂ ಸೂಚನೆ ಬರುತ್ತದೆ. ಭಾಷೆ ತಿಳಿಯದೆ ಅಲ್ಲಿ ಕೂತರೆ ವಿದ್ಯೆಯ ಬಹುಪಾಲು ಕೈತಪ್ಪುತ್ತದೆ. ಈ ಪದ್ಧತಿ ಕಲಿಯಬೇಕೆಂದಿರುವವರು ಇಂಗ್ಲಿಷ್ ಕ್ಲಾಸು ಸಿಗುವವರೆಗೆ ಕಾಯುವುದೇ ಮೇಲು.

ಅದೇ ಮೈಸೂರಿನ ಶಾಲೆಯಿಂದ ಬಂದ ಇನ್ನೊಂದು ದಾರಿಯಲ್ಲಿ ಮಾತೇ ಕಡಿಮೆ. ಹಾಸನ ಕಡೆಯ ಕೌಶಿಕದಲ್ಲಿ ಹುಟ್ಟಿದ ಕೆ. ಪಟ್ಟಾಭಿ ಜೋಯಿಸರು ಮೈಸೂರಿನ ಲಕ್ಷ್ಮೀಪುರದ ತಮ್ಮ ಮನೆಯಲ್ಲಿ ಹೇಳಿಕೊಟ್ಟ ಅಷ್ಟಾಂಗ ವಿನ್ಯಾಸ ಪದ್ಧತಿ ಅದು. ಟೋಕಿಯೊ, ಬರ್ಲಿನ್, ಪ್ಯಾರಿಸ್, ಎಲ್ಲಿ ಹೋದರೂ ಅದರ ವೇಳಾಪಟ್ಟಿಯಲ್ಲಿ ‘ಮೈಸೂರ್’ ಎಂಬ ಹೆಸರೇ ಇರುತ್ತದೆ. ಪ್ರತಿಯೊಬ್ಬರೂ ತಮಗೆ ಬಂದಷ್ಟನ್ನು ತಮ್ಮ ಉಸಿರಿಗೆ ತಕ್ಕಂತೆ ಮಾಡುತ್ತಾರೆ, ಗುರು ಒಬ್ಬೊಬ್ಬರ ಬಳಿ ಬಂದು ತಿದ್ದುತ್ತಾರೆ. ಒಟ್ಟಾಗಿ ಮಾಡುವ ದಿನ ಏಕಂ, ದ್ವೇ, ತ್ರೀಣಿ ಎಂದು ಸಂಸ್ಕೃತದಲ್ಲಿ ಎಣಿಕೆ. ಜಪಾನಿ ಬಾರದ ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ಕ್ಲಾಸು ಇನ್ನೊಂದಿಲ್ಲ ಎಂದು ತೋರುವುದು ಸಹಜ.

ಆದರೆ ಮಾತು ಕಡಿಮೆಯಿರುವ ಕಡೆ ಗುರುವಿನ ಕೈ ಹೆಚ್ಚು ಕೆಲಸ ಮಾಡುತ್ತದೆ. ಅದನ್ನೂ ನೇರವಾಗಿ ಹೇಳಬೇಕು. 2009ರಲ್ಲಿ ಜೋಯಿಸರು ತೀರಿಕೊಂಡ ಮೇಲಿನ ವರ್ಷಗಳಲ್ಲಿ, ಆಸನ ತಿದ್ದುವ ನೆಪದಲ್ಲಿ ಅವರು ತಮ್ಮ ಮೈಮೇಲೆ ಲೈಂಗಿಕ ದೌರ್ಜನ್ಯ ನಡೆಸಿದರೆಂದು ಹಲವು ಶಿಷ್ಯೆಯರು ಬಹಿರಂಗವಾಗಿ ಹೇಳಿದರು. 2019ರಲ್ಲಿ ಮೊಮ್ಮಗ ಶರತ್ ಜೋಯಿಸ್ ಆ ನೋವಿಗಾಗಿ ಕ್ಷಮೆ ಕೇಳಿದರು. ಆಮೇಲೆ ಅನೇಕ ಸ್ಟುಡಿಯೊಗಳಲ್ಲಿ, ಮುಟ್ಟಿ ತಿದ್ದಬಹುದೇ ಬೇಡವೇ ಎಂದು ತಿಳಿಸಲು ಚಾಪೆಯ ಪಕ್ಕ ಚೀಟಿ ಇಡುವ ಪದ್ಧತಿ ಬಂದಿದೆ. ಇದು ಎಲ್ಲ ಕಡೆಯೂ ಬರಲಿ. ಇಂಥ ಕ್ಲಾಸಿಗೆ ಹೋಗುವ ಹೆಣ್ಣುಮಗಳಿಗೆ ‘ಬೇಡ’ ಎಂಬ ಒಂದು ಮಾತು ಆ ಊರಿನ ಭಾಷೆಯಲ್ಲಿ ಗಟ್ಟಿಯಾಗಿ ಬರಬೇಕು. ‘ಸವರನಾಯ್ದೆ ಕುದಸಾಯ್’ ಎಂದರೆ ದಯವಿಟ್ಟು ಮುಟ್ಟಬೇಡಿ ಎಂದು.

ಯೋಗದ ಗುರುವನ್ನು ಹೀಗೆ ತಡೆದು ಪ್ರಶ್ನಿಸುವ ಅಗತ್ಯ ಟೋಕಿಯೊಗಂತೂ ಚೆನ್ನಾಗಿ ಗೊತ್ತು. 1984ರಲ್ಲಿ ಶಿಬುಯಾದಲ್ಲಿ ಶೋಕೊ ಅಸಹಾರ ಎಂಬಾತ ಶುರುಮಾಡಿದ ಯೋಗದ ಕ್ಲಾಸೇ ಬೆಳೆದು ಓಂ ಶಿನ್ರಿಕ್ಯೊ ಪಂಥವಾಯಿತು. 1995ರ ಮಾರ್ಚ್ 20ರಂದು ಆ ಪಂಥದವರು ನೆಲದಡಿಯ ರೈಲುಗಳಲ್ಲಿ ಸರಿನ್ ವಿಷಾನಿಲ ಬಿಟ್ಟರು. ಆಮೇಲೆ ಕೆಲವು ವರ್ಷ ಯೋಗವೆಂಬ ಹೆಸರನ್ನೇ ಅಲ್ಲಿನ ಜನ ಶಂಕೆಯಿಂದ ನೋಡಿದರು. ಅದು ಮತ್ತೆ ಚಿಗುರಿದ್ದು ಹೆಚ್ಚಾಗಿ ವ್ಯಾಯಾಮದ ರೂಪದಲ್ಲಿ. ಮಂತ್ರ, ಧ್ಯಾನ ನಿರೀಕ್ಷಿಸಿಕೊಂಡು ಹೋದ ನಮ್ಮವರಿಗೆ ಅಲ್ಲಿನ ಕ್ಲಾಸು ಬರಿದೆನಿಸಿದರೆ ಈ ಹಿನ್ನೆಲೆ ನೆನಪಿರಲಿ. ನೊಂದ ಊರು ಅದು.

ಇಂಗ್ಲಿಷ್ ಕ್ಲಾಸು ಸಿಗಲೇ ಇಲ್ಲವೆಂದರೂ ದಾರಿ ಮುಚ್ಚಿಲ್ಲ. ಮಿಗಿ ಎಂದರೆ ಬಲ, ಹಿದರಿ ಎಂದರೆ ಎಡ, ಸುತ್ತೆ ಎಂದರೆ ಉಸಿರು ಒಳಕ್ಕೆ, ಹಾಯ್ತೆ ಎಂದರೆ ಹೊರಕ್ಕೆ. ಇವು ಕೇಳುತ್ತ ಕೇಳುತ್ತ ತಾವೇ ಬರುತ್ತವೆ. ಮೊದಲೇ ಕಲಿತು ಹೋಗಬೇಕಾದ್ದು ನಾವು ಹೇಳಬೇಕಾದ ಮಾತುಗಳನ್ನು: ಮಂಡಿಗೆ ಹಿಜ, ಸೊಂಟಕ್ಕೆ ಕೊಶಿ, ಕುತ್ತಿಗೆಗೆ ಕುಬಿ, ನೋವಿಗೆ ಇತಾಯ್, ಬಸುರಿಗೆ ನಿನ್ಶಿನ್. ಅಲ್ಲಿನ ಸ್ಟುಡಿಯೊಗಳಲ್ಲಿ ‘ತಾಯ್ಕೆನ್’ ಎಂದು ಕಡಿಮೆ ದುಡ್ಡಿಗೆ ಒಂದು ದಿನದ ಪರೀಕ್ಷಾ ಪಾಠ ಸಾಮಾನ್ಯವಾಗಿ ಸಿಗುತ್ತದೆ. ಆ ದಿನ ಕಾಯಿಲೆ, ಶಸ್ತ್ರಚಿಕಿತ್ಸೆ, ಗರ್ಭ ಇವುಗಳ ಬಗ್ಗೆ ಕೇಳುವ ಅರ್ಜಿಯೊಂದನ್ನು ಕೈಗೆ ಕೊಡಬಹುದು. ಅರ್ಥವಾಗದೆ ಎಲ್ಲಕ್ಕೂ ‘ಇಲ್ಲ’ ಎಂದು ಗೀಟು ಹಾಕಿ ಒಳಗೆ ಹೋಗಬೇಡಿ. ಅದನ್ನು ಹಿಂದಿನ ದಿನವೇ ಕೇಳಿ ತಂದು, ಜಪಾನಿ ಬಲ್ಲ ನೆರೆಯವರ ಜೊತೆ ಕೂತು, ಒಂದೊಂದು ಸಾಲನ್ನೂ ಓದಿಸಿಕೊಂಡು ತುಂಬಿಕೊಂಡು ಹೋಗಿ.