ತೊಟ್ಟ ವೇಷ

1897ರ ಜುಲೈ 2ರ ರಾತ್ರಿ. ವಿಕ್ಟೋರಿಯಾ ರಾಣಿ ಪಟ್ಟವೇರಿ ಅರವತ್ತು ವರ್ಷ ತುಂಬಿದ ಸಂಭ್ರಮ. ಲಂಡನ್ನಿನ ಡೆವನ್‌ಷೈರ್ ಹೌಸಿನಲ್ಲಿ ಸುಮಾರು 700 ಮಂದಿ ಗಣ್ಯರು ಹಳೆಯ ಕಾಲದ ವೇಷ ತೊಟ್ಟು ನೆರೆದರು. ಲಫಾಯೆಟ್ ಸ್ಟುಡಿಯೋದವರು ತೋಟದಲ್ಲಿ ಡೇರೆ ಹಾಕಿ ಅವರ ಭಾವಚಿತ್ರಗಳನ್ನು ತೆಗೆದರು. ಮನೆಯೊಡತಿ ಡಚೆಸ್ ಅಂದು ಪಾಲ್ಮೈರಾದ ರಾಣಿ ಜೆನೋಬಿಯಾ.

ಜೆನೋಬಿಯಾ ರೋಮ್ ಸಾಮ್ರಾಜ್ಯವನ್ನು ಎದುರಿಸಿ, ಸೋತು, ಸೆರೆಯಾದವಳು. ಸಾಮ್ರಾಜ್ಯದ ಹಬ್ಬಕ್ಕೆ ಸಾಮ್ರಾಜ್ಯದ ವೈರಿಯ ವೇಷ! ಅದೇ ವರ್ಷ ಅದೇ ಸಾಮ್ರಾಜ್ಯದ ಭಾರತದಲ್ಲಿ ಭೀಕರ ಕ್ಷಾಮ.

ಆಕೆಯನ್ನು ಹಳಿದು ಫಲವೇನು? ರಾತ್ರಿ ನಾಟಕದ ಹರಿಶ್ಚಂದ್ರನಿಗಾಗಿ ಅತ್ತು, ಬೆಳಗಾದರೆ ಸುಳ್ಳು ಹೇಳುವವರು ನಾವೂ ಅಲ್ಲವೆ? ಇನ್ನೊಬ್ಬರ ಉಡುಪನ್ನು ದರ್ಜಿ ಹೊಲಿದುಕೊಟ್ಟಾನು. ಅವರ ನೋವನ್ನು ಮಾತ್ರ ನಾವೇ ಹೊರಬೇಕು.