ಎರಡನೆಯ ಕಳವು

ಧ್ಯಾನಕ್ಕೆ: ನ್ಯಾಯಸ್ಥಾಪಕರು, 17 ಮತ್ತು 18ನೆಯ ಅಧ್ಯಾಯಗಳು



ಎಫ್ರಾಯೀಮ್ ಬೆಟ್ಟದ ಸೀಮೆಯಲ್ಲಿ ಒಬ್ಬ ತಾಯಿಯು ಬಹುದಿನಗಳಿಂದ ಕೂಡಿಸಿಟ್ಟ 1100 ತೂಕದ ಬೆಳ್ಳಿಯು ಒಂದು ದಿನ ಇಟ್ಟ ಸ್ಥಳದಲ್ಲಿ ಇಲ್ಲದೆ ಹೋಯಿತು. ಕದ್ದವನು ಯಾರೆಂದು ತಿಳಿಯದೆ ಅವಳು ಬಾಯಿ ತೆರೆದು ಶಪಿಸಿದಳು. ಆ ಶಾಪವು ಅವಳ ಮಗನ ಕಿವಿಗೆ ಬಿತ್ತು. ಅವನು ತಾಯಿಯ ಬಳಿಗೆ ಬಂದು ಅದನ್ನು ತೆಗೆದುಕೊಂಡವನು ತಾನೇ ಎಂದು ಒಪ್ಪಿಕೊಂಡು ಬೆಳ್ಳಿಯನ್ನು ತಿರುಗಿ ಕೊಟ್ಟನು. ಅವಳು ಕತ್ತಲೆಯಲ್ಲಿ ಬಿಟ್ಟ ಬಾಣವು ತನ್ನ ಹೊಟ್ಟೆಯಲ್ಲಿ ಹುಟ್ಟಿದವನಿಗೇ ತಗಲಿತು. ಈ ಮಗನ ಹೆಸರು ಮೀಕನು. ಇವನ ಚರಿತ್ರೆಯು ಕಳವಿನಿಂದಲೇ ಆರಂಭವಾಗಿ ಕಳವಿನಿಂದಲೇ ಮುಗಿಯುತ್ತದೆ. ಆದದರಿಂದ ಕಳವಾದ ಮನೆಯವರು ಹೇಗೆ ನಡಕೊಳ್ಳತಕ್ಕದ್ದೆಂಬದನ್ನು ಇವನ ಮನೆಯಿಂದಲೇ ಕಲಿಯೋಣ.

ನಮ್ಮ ಊರುಗಳಲ್ಲಿ ಕೂಡಿಸಿಟ್ಟ ಸೊತ್ತು ಎಂದರೆ ಏನು? ನಿಂಬರ್ಗಾ, ಆಳಂದ, ಅಫಜಲಪುರ, ಜೇವರ್ಗಿಗಳ ಕಡೆಯಲ್ಲಿ ಇಂದಿಗೂ ಎಷ್ಟೋ ಮನೆಗಳ ಸಂದೂಕಿನ ತಳದಲ್ಲಿ ನಿಜಾಮರ ಕಾಲದ, ಚಾರ್ಮಿನಾರಿನ ಗುರುತುಳ್ಳ ಹಾಲಿ ರೂಪಾಯಿಗಳ ಗಂಟು ಇರುತ್ತದೆ. ಅಜ್ಜಿಯ ಬೋರಮಾಳ, ತಾಯಿಯ ಬೆಳ್ಳಿಯ ಕಡಗ, ಅಜ್ಜನು ಕೈಯಾರೆ ಬರೆದುಕೊಂಡ ಹಾಡುಗಳ ಪುಸ್ತಕ, ದೀಕ್ಷಾಸ್ನಾನದ ದಿವಸ ಕೊಟ್ಟ ಸತ್ಯವೇದ, ಇವೂ ಇರುತ್ತವೆ. ಪೇಟೆಯಲ್ಲಿ ಇವುಗಳ ಬೆಲೆಯನ್ನು ತೂಕದಿಂದ ಕಟ್ಟುತ್ತಾರೆ. ಆದರೆ ಇಟ್ಟುಕೊಂಡವರು ತಮ್ಮ ಆಯುಷ್ಯದ ವರುಷಗಳಿಂದ ಎಣಿಸುತ್ತಾರೆ. ಸುಗ್ಗಿಯ ಕಾಲದಲ್ಲಿ ಮನೆಯವರೆಲ್ಲರೂ ಜೋಳದ ಹೊಲಕ್ಕೆ ಹೋಗಿ ಸಾಯಂಕಾಲ ಬಂದು ಬೀಗ ಮುರಿದಿರುವದನ್ನು ಕಂಡರೆ ಎದೆ ಒಡೆಯದೆ ಇರುವದೋ?

ಹೀಗೆ ದುಃಖಪಡುವದು ಪಾಪವಲ್ಲವೆಂದು ಮೊದಲು ತಿಳುಕೊಳ್ಳಿರಿ. ವಿಶ್ವಾಸಿಯಾದವನು ಹೋದ ವಸ್ತುವಿಗಾಗಿ ಅಳಬಾರದೆಂದು ಕೆಲವರು ಹೇಳುವದುಂಟು. ಅಪೊಸ್ತಲನಾದ ಪೌಲನಾದರೋ ಸೆರೆಯಲ್ಲಿದ್ದು ಮರಣವನ್ನು ಎದುರುನೋಡುತ್ತಿರುವಾಗಲೂ ತಾನು ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ, ಮುಖ್ಯವಾಗಿ ಚರ್ಮದ ಹಾಳೆಗಳನ್ನೂ ತರಬೇಕೆಂದು ತಿಮೊಥೆಯನಿಗೆ ಬರೆದನು. ಅಷ್ಟು ದೊಡ್ಡ ದೈವಭಕ್ತನಿಗೂ ತನ್ನ ಪುಸ್ತಕಗಳು ಬೇಕಾಗಿದ್ದವು. ಆದಕಾರಣ ಕಳಕೊಂಡವರ ಮನೆಗೆ ಹೋದಾಗ ಅವರನ್ನು ಗದರಿಸಬೇಡಿರಿ; ಅವರ ಸಂಗಡ ಕೂತುಕೊಳ್ಳಿರಿ.

ಆದರೆ ಆ ದುಃಖದ ಬಾಗಿಲಿನಿಂದಲೇ ಎರಡನೆಯ ಕಳ್ಳನು ಒಳಗೆ ಬರುತ್ತಾನೆ. ಮೊದಲನೆಯವನು ಬೆಳ್ಳಿಯನ್ನು ಒಯ್ದನು. ಎರಡನೆಯವನು ನೆರೆಯವನ ಹೆಸರನ್ನು ಒಯ್ಯುತ್ತಾನೆ. ಇವನ ಹೆಸರು ಸಂಶಯ.

ಇವನು ಬರುವ ದಾರಿಯನ್ನು ನೀವೆಲ್ಲರೂ ಬಲ್ಲಿರಿ. ಕಳವಾದ ರಾತ್ರಿಯೇ ಒಬ್ಬರು ಅಂಜನ ಹಾಕಿಸೋಣ ಅನ್ನುತ್ತಾರೆ. ಇನ್ನೊಬ್ಬರು ಮಂತ್ರಿಸಿದ ಅಕ್ಕಿಯನ್ನು ಓಣಿಯವರೆಲ್ಲರಿಗೂ ತಿನ್ನಿಸೋಣ, ಕದ್ದವನ ಬಾಯಲ್ಲಿ ಅದು ಒಣಗುವದು ಅನ್ನುತ್ತಾರೆ. ಮುದುಕಿಯೊಬ್ಬಳು ಬೀದಿಗೆ ಬಂದು ಮಣ್ಣು ತೂರುತ್ತಾಳೆ. ಅಂಜನ ನೋಡುವವನು ಕಳ್ಳನ ಹೆಸರು ಹೇಳುವದಿಲ್ಲ. ಪಶ್ಚಿಮಕ್ಕೆ ಬಾಗಿಲಿರುವ ಮನೆಯವನು, ಕಪ್ಪು ಬಣ್ಣದವನು, ನಿಮಗೆ ಪರಿಚಯವಿದ್ದವನು ಎಂದಿಷ್ಟೇ ಹೇಳುತ್ತಾನೆ. ಉಳಿದದ್ದನ್ನು ನಿಮ್ಮ ಹಳೆಯ ಹಗೆಯೇ ಹೇಳಿಕೊಡುತ್ತದೆ. ಅಕ್ಕಿಯ ಪರೀಕ್ಷೆಯಾದರೂ ಎಂಥದು? ಭಯಪಟ್ಟ ಮನುಷ್ಯನ ಬಾಯಿ ಒಣಗುವದು ಶರೀರದ ಸ್ವಭಾವ. ಕಳ್ಳನಿಗೆ ಭಯವಿರುವಂತೆಯೇ ಹತ್ತು ಮಂದಿಯ ಮುಂದೆ ಅಪರಾಧಿಯ ಹಾಗೆ ನಿಲ್ಲಿಸಲ್ಪಟ್ಟ ನಿರಪರಾಧಿಗೂ ಭಯವಿರುತ್ತದೆ. ಎಷ್ಟೋ ಸಾರಿ ಹೆಚ್ಚಾಗಿಯೇ ಇರುತ್ತದೆ.

ಸತ್ಯವೇದವು ಈ ವಿಷಯದಲ್ಲಿ ನಮಗೆ ಎರಡು ದೀಪಗಳನ್ನು ಹಚ್ಚಿಟ್ಟಿದೆ. ಲಾಬಾನನ ಮನೆಯ ವಿಗ್ರಹಗಳು ಕಳವಾದಾಗ ಯಾಕೋಬನು ತನ್ನವರಲ್ಲಿ ಯಾರೂ ಕದ್ದಿರಲಾರರೆಂದು ನಂಬಿ, ಅವು ಯಾರ ಬಳಿಯಲ್ಲಿ ಸಿಕ್ಕುತ್ತವೋ ಅವರು ಸಾಯಲಿ ಎಂದು ದುಡುಕಿ ನುಡಿದನು. ಅವುಗಳನ್ನು ಕದ್ದು ಒಂಟೆಯ ತಡಿಯಲ್ಲಿ ಅಡಗಿಸಿ ಮೇಲೆ ಕೂತಿದ್ದವಳು ಅವನ ಪ್ರಿಯ ಹೆಂಡತಿಯಾದ ರಾಹೇಲಳು. ಇದು ಅವನಿಗೆ ತಿಳಿದಿರಲಿಲ್ಲ. ಮುಂದೆ ಅದೇ ರಾಹೇಲಳ ಮಗನಾದ ಬೆನ್ಯಾಮೀನನ ಚೀಲದಲ್ಲಿ ಯೋಸೇಫನ ಬೆಳ್ಳಿಯ ಪಾತ್ರೆ ಸಿಕ್ಕಿತು. ವಸ್ತು ಸಿಕ್ಕಿತು, ಸಾಕ್ಷಿಗಳು ಕಂಡರು, ಸೋದರರು ಬಟ್ಟೆ ಹರಿದುಕೊಂಡರು; ಆದರೂ ಬೆನ್ಯಾಮೀನನು ಕಳ್ಳನಲ್ಲ. ಯಜಮಾನನ ಅಪ್ಪಣೆಯಂತೆ ಮನೆವಾರ್ತೆಯವನೇ ಅದನ್ನು ಅಲ್ಲಿ ಇಟ್ಟಿದ್ದನು. ಹೀಗೆ ಒಂದು ಕಡೆಯಲ್ಲಿ ಸಂಶಯಕ್ಕೇ ಬಾರದವಳು ಕದ್ದಿದ್ದಳು. ಮತ್ತೊಂದು ಕಡೆಯಲ್ಲಿ ಕೈಗೆ ಸಿಕ್ಕಿಬಿದ್ದವನು ಕದ್ದಿರಲಿಲ್ಲ. ಇಂಥ ಸಂಗತಿಗಳನ್ನು ಓದಿದ ನಾವು ಅಂಜನದ ಮಾತಿನ ಮೇಲೆ ಒಬ್ಬನ ಬಾಗಿಲಿಗೆ ಹೋಗಿ ಕೂಗಾಡಬಹುದೋ?

ದೇವರು ಕದಿಯಬಾರದೆಂಬ ಆಜ್ಞೆಯನ್ನು ಕೊಟ್ಟ ಕೂಡಲೇ ನೆರೆಯವನ ಮೇಲೆ ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಆಜ್ಞೆಯನ್ನು ಕೊಟ್ಟನು. ನಿಮ್ಮ ವಿರೋಧವಾಗಿ ಯಾವನೋ ಎಂಟನೆಯ ಆಜ್ಞೆಯನ್ನು ಮೀರಿದರೆ ನಿಮಗೆ ಒಂಬತ್ತನೆಯದನ್ನು ಮೀರುವ ಅಧಿಕಾರವು ಬರುವದಿಲ್ಲ.

ಇದು ಒಬ್ಬೊಬ್ಬರ ಸಂಗತಿ ಮಾತ್ರವಲ್ಲ. ಒಂದು ರಾಜ್ಯವೇ ಹೀಗೆ ಪಾಪ ಮಾಡಿದ್ದುಂಟು. ಬ್ರಿಟಿಷ್ ಸರಕಾರವು 1871ರಲ್ಲಿ ಕೆಲವು ಜಾತಿಯವರು ಹುಟ್ಟಿನಿಂದಲೇ ಅಪರಾಧಿಗಳೆಂಬ ಕಾಯಿದೆಯನ್ನು ಮಾಡಿತು. ಅದನ್ನು ಮುಂದೆ ಮುಂಬಯಿ ಇಲಾಖೆಗೂ ವಿಸ್ತರಿಸಿದರು. ನಮ್ಮ ನೆರೆಯ ಸೊಲ್ಲಾಪುರ, ವಿಜಾಪುರ ಮತ್ತು ಹುಬ್ಬಳ್ಳಿಗಳಲ್ಲಿ ಇಂಥವರಿಗೆ ವಸಾಹತುಗಳನ್ನು ಕಟ್ಟಿ, ಹಾಜರಿ ಕೂಗಿ, ಅಪ್ಪಣೆಯಿಲ್ಲದೆ ಹೊರಗೆ ಹೋಗದ ಹಾಗೆ ಇಟ್ಟರು. ಮಿಶನರಿ ಸಂಘಗಳು ಸಹ ಕೆಲವು ವಸಾಹತುಗಳ ಆಡಳಿತವನ್ನು ವಹಿಸಿಕೊಂಡಿದ್ದವೆಂಬದನ್ನು ನಾವು ಮರೆಮಾಡಬಾರದು. ತೊಟ್ಟಿಲಲ್ಲಿದ್ದ ಕೂಸಿನ ಹೆಸರು ಸಹ ಕಳ್ಳರ ಪಟ್ಟಿಯ ಕುಲಕ್ಕೆ ಸೇರಿದ್ದಾಗಿತ್ತು. ಸ್ವತಂತ್ರ ಭಾರತವು 1952ರಲ್ಲಿ ಆ ಕಾಯಿದೆಯನ್ನು ರದ್ದು ಮಾಡಿತು. ಆದರೆ ಮನುಷ್ಯರ ನಾಲಿಗೆಯಿಂದ ಅದು ಇನ್ನೂ ರದ್ದಾಗಿಲ್ಲ. ಊರ ಹೊರಗೆ ಪಾರ್ಧಿಯವರ ಗುಡಿಸಲು ಇದ್ದರೆ, ಕೋಳಿ ಹೋದರೂ ಕೊಡ ಹೋದರೂ ಮೊದಲು ಅವರ ಹೆಸರೇ ಬರುತ್ತದೆ. ನಮ್ಮ ಸಭೆಗಳ ಹಿರಿಯರಲ್ಲಿ ಎಷ್ಟೋ ಮಂದಿ ಕೇರಿಯಲ್ಲಿ ಹುಟ್ಟಿದರೆಂಬ ಒಂದೇ ಕಾರಣದಿಂದ ಇಂಥ ಮಾತುಗಳನ್ನು ಕೇಳಿದವರಲ್ಲವೋ? ಆ ನೋವು ಉಂಡವರ ಮಕ್ಕಳು ಅದನ್ನು ಇನ್ನೊಬ್ಬರಿಗೆ ಬಡಿಸಬಾರದು.

ಹಾಗಾದರೆ ಕಳಕೊಂಡವನು ಸುಮ್ಮನೆ ಕೂತುಕೊಳ್ಳಬೇಕೋ ಎಂದು ಕೇಳುವಿರಿ. ಇಲ್ಲ. ನ್ಯಾಯವಾದ ದಾರಿಯುಂಟು; ಅದರಲ್ಲಿ ಧೈರ್ಯದಿಂದ ನಡೆಯಿರಿ. ನೆಬೂಕದ್ನೆಚ್ಚರನು ಯೆರೂಸಲೇಮಿನ ಆಲಯದಿಂದ ಒಯ್ದಿದ್ದ ಪಾತ್ರೆಗಳನ್ನು ಕೋರೆಷ ಅರಸನು ಹಿಂದಕ್ಕೆ ಕೊಡಿಸಿದಾಗ ಖಜಾಂಚಿಯು ಅವುಗಳನ್ನು ಒಂದೊಂದಾಗಿ ಎಣಿಸಿಯೇ ಕೊಟ್ಟನೆಂದೂ, ಬಂಗಾರ ಬೆಳ್ಳಿಯ ಪಾತ್ರೆಗಳು ಒಟ್ಟು 5400 ಎಂದೂ ಎಜ್ರನ ಪುಸ್ತಕದ ಮೊದಲನೆಯ ಅಧ್ಯಾಯವು ಲೆಕ್ಕವಿಡುತ್ತದೆ. ಲೆಕ್ಕವಿದ್ದಲ್ಲಿ ಸತ್ಯಕ್ಕೆ ಬಲವುಂಟು. ನೀವೂ ನಿಮ್ಮ ಸೊತ್ತಿನ ಲೆಕ್ಕವನ್ನು ಇಂದೇ ಬರೆದಿಡಿರಿ. ನಾಣ್ಯಗಳೆಷ್ಟು, ಒಡವೆಯ ತೂಕವೆಷ್ಟು, ಪುಸ್ತಕದ ಯಾವ ಪುಟದಲ್ಲಿ ಯಾರ ಹೆಸರಿದೆ, ಯಾವ ಅಂಚು ಹರಿದಿದೆ, ಎಲ್ಲವನ್ನೂ ಬರೆಯಿರಿ. ಮನೆಯ ಹುಡುಗರ ಮೊಬೈಲಿನಲ್ಲಿ ಪ್ರತಿಯೊಂದರ ಚಿತ್ರವನ್ನು ತೆಗೆಸಿ, ಒಂದು ಪ್ರತಿಯನ್ನು ಬೇರೆ ಊರಿನ ಸಂಬಂಧಿಕರಲ್ಲಿ ಇಡಿರಿ.

ಕಳವಾದರೆ ಯಾವದನ್ನೂ ಮುಟ್ಟದೆ, ಮುರಿದ ಬೀಗವನ್ನು ಸರಿಸದೆ, 112ಕ್ಕೆ ಫೋನು ಮಾಡಿರಿ; ಇಲ್ಲವೆ ಪೊಲೀಸ್ ಠಾಣೆಗೆ ಹೋಗಿರಿ. 2024ನೆಯ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾಯಿದೆಗಳ ಪ್ರಕಾರ, ಕಳವು ಯಾವ ಠಾಣೆಯ ಹದ್ದಿನಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಬರೆದುಕೊಂಡ ದೂರನ್ನು ನಿಮಗೆ ಓದಿ ಹೇಳತಕ್ಕದ್ದು. ಅದರ ಪ್ರತಿಯನ್ನು ಹಣ ತೆಗೆದುಕೊಳ್ಳದೆ ಕೊಡತಕ್ಕದ್ದು. ಠಾಣೆಯವರು ಬರೆದುಕೊಳ್ಳದಿದ್ದರೆ ಜಿಲ್ಲೆಯ ಪೊಲೀಸ್ ಸೂಪರಿಂಟೆಂಡೆಂಟರಿಗೆ ಅಂಚೆಯಿಂದ ಬರೆದು ಕಳುಹಿಸಬಹುದು. ಭಾರತೀಯ ನ್ಯಾಯ ಸಂಹಿತೆಯ 305ನೆಯ ಕಲಮಿನಂತೆ ವಾಸದ ಮನೆಯಲ್ಲಿ ಕದ್ದವನಿಗೆ 7 ವರುಷಗಳ ವರೆಗೆ ಸೆರೆಯುಂಟು. ದೂರಿನಲ್ಲಿ ಕಂಡದ್ದನ್ನು ಮಾತ್ರ ಬರೆಯಿಸಿರಿ. ಹೋದದ್ದು ಹತ್ತಾದರೆ ಹತ್ತೆಂದೇ ಹೇಳಿರಿ, ಹದಿನೈದೆನ್ನಬೇಡಿರಿ. ಸಾಕ್ಷಿಯಿಲ್ಲದೆ ಯಾರ ಹೆಸರನ್ನೂ ಸೇರಿಸಬೇಡಿರಿ.

ಈಗ ಕೊಳ್ಳುವವರಿಗೆ ಒಂದು ಮಾತು. ಸಂತೆಯಲ್ಲಿ ಹಳೆಯ ಬೆಳ್ಳಿಯು ಅರ್ಧ ಬೆಲೆಗೆ ಬಂದರೆ ದೇವರ ಆಶೀರ್ವಾದವೆಂದು ಕೊಳ್ಳಬೇಡಿರಿ. ಕಳವಿನದೆಂದು ತಿಳಿದು, ಅಥವಾ ತಿಳಿಯಲು ಕಾರಣವಿದ್ದು, ಮೋಸದ ಮನಸ್ಸಿನಿಂದ ಕೊಂಡವನಿಗೂ ಅದೇ ಸಂಹಿತೆಯ 317ನೆಯ ಕಲಮಿನಲ್ಲಿ ಶಿಕ್ಷೆಯುಂಟು. ಮೀಕನ ಮನೆಯನ್ನು ಮತ್ತೆ ನೋಡಿರಿ. ತಿರುಗಿ ಬಂದ ಬೆಳ್ಳಿಯನ್ನೆಲ್ಲಾ ದೇವರಿಗೆ ಮೀಸಲೆಂದ ತಾಯಿಯು 200 ತೂಕವನ್ನು ಮಾತ್ರ ಅಕ್ಕಸಾಲಿಗನಿಗೆ ಕೊಟ್ಟು ವಿಗ್ರಹ ಮಾಡಿಸಿದಳು. ಆ ಮೇಲೆ ದಾನ್ ಗೋತ್ರದ 600 ಮಂದಿ ಆಯುಧಸ್ಥರು ಬಂದು ವಿಗ್ರಹವನ್ನೂ ಏಫೋದನ್ನೂ ಎತ್ತಿಕೊಂಡು ಹೋದರು. ಸಂಬಳದ ಪೂಜಾರಿಯೂ ಸಂತೋಷದಿಂದ ಅವರ ಹಿಂದೆ ಹೋದನು.

ನಮ್ಮ ಕನ್ನಡ ನಾಡಿನಲ್ಲಿಯೂ ಇಂಥದು ನಡೆದಿದೆ. 1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಸುಲ್ತಾನನು ಸತ್ತ ಮೇಲೆ ಅವನ ಅರಮನೆಯ ಪುಸ್ತಕಭಂಡಾರವು ಇಂಗ್ಲಿಷರ ಕೈಗೆ ಸಿಕ್ಕಿತು. ಅದರಲ್ಲಿ ಸುಮಾರು 2000 ಸಂಪುಟಗಳಿದ್ದವು. ಅವುಗಳಲ್ಲಿ ಕೆಲವು ಕಲ್ಕತ್ತೆಗೂ ಕೆಲವು ಇಂಗ್ಲೆಂಡಿಗೂ ಹೋದವು. ಚಾರ್ಲ್ಸ್ ಸ್ಟುವರ್ಟ್ ಎಂಬ ಪಂಡಿತನು 1809ರಲ್ಲಿ ಅವುಗಳ ಪಟ್ಟಿಯನ್ನು ಅಚ್ಚು ಹಾಕಿಸಿದನು. ಆ ಪಟ್ಟಿಯವನು ತಿಳಿಸುವದೇನಂದರೆ, ಟಿಪ್ಪುವಾಗಲಿ ಅವನ ತಂದೆಯಾಗಲಿ ಹಣ ಕೊಟ್ಟು ಕೊಂಡ ಪುಸ್ತಕಗಳು ಬಹಳ ಸ್ವಲ್ಪ. ಬಹುಭಾಗವು ಸವಣೂರು, ಕಡಪ, ಕರ್ನಾಟಿಕ್ ಸೀಮೆಗಳಿಂದ ಸೂರೆಯಾಗಿ ಬಂದದ್ದು. ಕೆಲವು ಅದಕ್ಕೂ ಮುಂಚೆ ವಿಜಾಪುರ, ಗೋಲ್ಕೊಂಡಗಳ ಸುಲ್ತಾನರವು. ಸೂರೆ ಮಾಡಿದವನ ಮನೆಯೇ ಸೂರೆಯಾಯಿತು. ಆದರೂ ಬರೆದಿಟ್ಟ ಪಟ್ಟಿಯು ಇನ್ನೂರು ವರುಷಗಳಾದ ಮೇಲೆಯೂ ಮೊದಲಿನ ಒಡೆಯರ ಹೆಸರನ್ನು ಹೇಳುತ್ತಿದೆ. ಪರರ ವಸ್ತುವು ನಮ್ಮ ಮನೆಯಲ್ಲಿ ಎಷ್ಟು ವರುಷ ಇದ್ದರೂ ನಮ್ಮದಾಗುವದಿಲ್ಲ.

ಈ ಮಾತನ್ನು ಓದುವವರಲ್ಲಿ ಇನ್ನೊಬ್ಬರ ವಸ್ತುವನ್ನು ಅಡಗಿಸಿಟ್ಟುಕೊಂಡವರು ಇದ್ದರೆ, ಹೆದರಬೇಡಿರಿ, ತಡಮಾಡಲೂ ಬೇಡಿರಿ. ಜಕ್ಕಾಯನು ಯೇಸು ಸ್ವಾಮಿಯನ್ನು ಮನೆಗೆ ಸೇರಿಸಿಕೊಂಡ ದಿವಸವೇ, ಅನ್ಯಾಯವಾಗಿ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದು ಎದ್ದು ನಿಂತನು. ತಿರುಗಿ ಕೊಡದೆ ಮಾಡಿದ ಪಾಪನಿವೇದನೆಯು ಬೀಜವಿಲ್ಲದ ಬಿತ್ತನೆಯಂತಿದೆ. ತಿರುಗಿ ತಂದವನನ್ನು ಸಭೆಯವರೂ ಬೀದಿಗೆ ಎಳೆಯದೆ ಸೇರಿಸಿಕೊಳ್ಳಬೇಕು. ಶಪಿಸಿದ ಅದೇ ಬಾಯಿಂದ ಆ ತಾಯಿಯು ಒಪ್ಪಿಕೊಂಡ ಮಗನನ್ನು ಆಶೀರ್ವದಿಸಿದಳಲ್ಲವೋ? ಆಕೆಯು ಮಾಡಿದ ಕೆಲಸಗಳಲ್ಲಿ ಇದೊಂದು ಒಳ್ಳೇದು.

ಕಡೆಗೆ, ಹುಡುಕಿದರೂ ಸಿಕ್ಕದೆ ಹೋದರೆ? ಮೀಕನು ನೆರೆಯವರನ್ನು ಕೂಡಿಸಿಕೊಂಡು ದಾನ್ಯರನ್ನು ಬೆನ್ನಟ್ಟಿದನು. ತಾನು ಮಾಡಿಕೊಂಡ ದೇವರುಗಳು ಹೋದವೆಂದೂ ತನಗೆ ಇನ್ನೇನೂ ಉಳಿಯಲಿಲ್ಲವೆಂದೂ ಗೋಳಾಡಿದನು. ಅವರು ತನಗಿಂತ ಬಲಿಷ್ಠರೆಂದು ಕಂಡು ಬರಿಗೈಯಿಂದ ಮನೆಗೆ ತಿರುಗಿದನು. ಕಳ್ಳನು ಹೊತ್ತುಕೊಂಡು ಹೋಗಬಹುದಾದದ್ದನ್ನೇ ಅವನು ದೇವರಾಗಿ ಮಾಡಿಕೊಂಡಿದ್ದನು; ಅದು ಹೋದಾಗ ಎಲ್ಲವೂ ಹೋಯಿತು. ಇದಕ್ಕೆ ಪ್ರತಿಯಾಗಿ ನಮ್ಮ ಕಾಲದ ಒಂದು ಸಂಗತಿಯನ್ನು ನೋಡಿರಿ. ಕವಿ ರವೀಂದ್ರನಾಥ ಠಾಕೂರರಿಗೆ 1913ರಲ್ಲಿ ದೊರೆತ ನೊಬೆಲ್ ಪದಕವೂ ಅವರ ಬೇರೆ ವಸ್ತುಗಳೂ 2004ನೆಯ ಮಾರ್ಚ್ ತಿಂಗಳಲ್ಲಿ ಶಾಂತಿನಿಕೇತನದ ವಸ್ತುಸಂಗ್ರಹಾಲಯದಿಂದ ಕಳವಾದವು. ಕೇಂದ್ರ ಸರಕಾರದ ಸಿ.ಬಿ.ಐ. ಅಧಿಕಾರಿಗಳು ಹುಡುಕಿದರೂ ಪದಕವು ಸಿಕ್ಕಲಿಲ್ಲ. ನೊಬೆಲ್ ಸಂಸ್ಥೆಯವರು ಅದರ ಪ್ರತಿರೂಪಗಳನ್ನು ಮಾಡಿಸಿಕೊಟ್ಟರು. ಪದಕವು ಹೋಯಿತು, ಪದಗಳು ಹೋಗಲಿಲ್ಲ. ಅವರ ಹಾಡುಗಳನ್ನು ಬಂಗಾಳದ ಮಕ್ಕಳು ಅಂದಿನಂತೆಯೇ ಇಂದೂ ಹಾಡುತ್ತಾರೆ.

ಸಹೋದರಿಯೇ, ನಿನ್ನ ತಾಯಿಯ ಕಡಗವು ಹೋಗಿರಬಹುದು. ಅದನ್ನು ತೊಟ್ಟ ಕೈ ನಿನಗೆ ಕಲಿಸಿದ ಪ್ರಾರ್ಥನೆಯು ಹೋಗಲಿಲ್ಲ. ಸಹೋದರನೇ, ಅಜ್ಜನ ಸತ್ಯವೇದವು ಹೋಗಿರಬಹುದು. ಅವನು ಅದರಿಂದ ನಿನ್ನ ಹೃದಯದಲ್ಲಿ ಬರೆದದ್ದನ್ನು ಯಾವ ಬೀಗವನ್ನು ಮುರಿದು ಒಯ್ಯುವರು? ಹುಳವೂ ಕಿಲುಬೂ ಕಳ್ಳನೂ ಮುಟ್ಟಲಾರದ ಭಂಡಾರವನ್ನು ಕರ್ತನು ನಮಗೆ ತೋರಿಸಿದ್ದಾನೆ. ಹೋದದ್ದಕ್ಕಾಗಿ ಅಳಿರಿ, ನ್ಯಾಯವಾಗಿ ಹುಡುಕಿರಿ. ಆದರೆ ನೆರೆಯವನ ಹೆಸರನ್ನು ಕಾಪಾಡಿರಿ. ಮೊದಲನೆಯ ಕಳವನ್ನು ತಡೆಯುವದು ಎಲ್ಲಾ ಸಾರಿ ನಮ್ಮ ಕೈಯಲ್ಲಿಲ್ಲ. ಎರಡನೆಯದನ್ನು ತಡೆಯುವದು ನಮ್ಮ ಕೈಯಲ್ಲಿಯೇ ಇದೆ.

ಪ್ರಾರ್ಥನೆ: ಗುಪ್ತವಾದದ್ದನ್ನೆಲ್ಲಾ ಕಾಣುವ ದೇವರೇ, ಕಳಕೊಂಡವರನ್ನು ಆದರಿಸು. ಕದ್ದವರ ಮನಸ್ಸನ್ನು ತಿರುಗಿಸು. ತಪ್ಪಿಲ್ಲದೆ ನಿಂದೆ ಹೊತ್ತವರ ಪಕ್ಷವಾಗಿ ನಿಲ್ಲು. ನಮ್ಮ ನಾಲಿಗೆಗೆ ಕಾವಲಿಡು. ಯೇಸು ಸ್ವಾಮಿಯ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.