ಮೀನಿನ ನೋಟ, ಆಮೆಯ ನೆನಪು

ಪ್ರಾಣಿಗಳು ತಮ್ಮ ಮರಿಗಳನ್ನು ಪೋಷಿಸುವ ರೀತಿ ಮೂರು ಬಗೆಯದೆಂದು ನಮ್ಮ ಪೂರ್ವಿಕರು ಹೇಳುತ್ತಿದ್ದರು: ಮೀನು ನೋಟಮಾತ್ರದಿಂದ, ಆಮೆ ನೆನಪಿನಿಂದ, ಹಕ್ಕಿ ರೆಕ್ಕೆಯ ಸ್ಪರ್ಶದಿಂದ. ಚಾಣಕ್ಯನ ಹೆಸರಿನಲ್ಲಿ ಪ್ರಚಲಿತವಾಗಿರುವ ನೀತಿಶ್ಲೋಕಗಳಲ್ಲಿ ಸಜ್ಜನರ ಸಂಗವನ್ನು ಹೊಗಳುವಾಗ ಈ ಉಪಮೆ ಬಂದಿದೆ. ಕುಲಾರ್ಣವತಂತ್ರದಲ್ಲಿ ಗುರು ಶಿಷ್ಯನಿಗೆ ಕೊಡುವ ದೀಕ್ಷೆಯ ಭೇದಗಳನ್ನು ವಿವರಿಸುವಲ್ಲಿಯೂ ಇದೇ ಬಂದಿದೆ. ಪ್ರಾಣಿಶಾಸ್ತ್ರಜ್ಞರನ್ನು ಕೇಳಿದರೆ ನಕ್ಕಾರು. ಮರಳಿನಲ್ಲಿ ಮೊಟ್ಟೆಗಳನ್ನು ಹೂತು ನೀರಿಗಿಳಿದ ಆಮೆ ಹಿಂದಿರುಗಿ ನೋಡುವುದೇ ಇಲ್ಲವೆಂದಾರು. ಇರಲಿ, ಉಪಮೆಯ ಸತ್ಯವು ಆಮೆಯದಲ್ಲ, ವಾತ್ಸಲ್ಯದ್ದು. ಮಕ್ಕಳನ್ನು ಹಗಲೆಲ್ಲ ಪರರ ವಶಕ್ಕೊಪ್ಪಿಸಿ ದುಡಿಯಲು ಹೋಗಬೇಕಾದ ಇಂದಿನ ತಾಯ್ತಂದೆಗಳಿಗೆ ಈ ಮೂರರಲ್ಲಿ ಸ್ಪರ್ಶವಂತೂ ಒಂಬತ್ತು ಹತ್ತು ಗಂಟೆಗಳ ಕಾಲ ಎರವಾಗಿದೆ. ನೆನಪು ಅವರವರ ಹೃದಯಕ್ಕೆ ಸೇರಿದ್ದು. ನೋಟವೊಂದನ್ನು ಮಾತ್ರ ಮರಳಿ ದೊರಕಿಸಿಕೊಡುವೆನೆಂದು ಯಂತ್ರವು ಮುಂದೆ ಬಂದು ನಿಂತಿದೆ. ಅದು ಕೊಡುವುದು ಮೀನಿನ ನೋಟವೇ ಹೌದೇ ಎಂಬ ಸಂದೇಹ ಕೆಲವು ತಿಂಗಳಿಂದ ನನ್ನನ್ನು ಕಾಡುತ್ತಿದೆ.

ಸಂದೇಹ ಹುಟ್ಟಿದ್ದು ನಮ್ಮ ಮನೆಯಲ್ಲಿಯೇ. ನಾವು ಶಿಶುವಿಹಾರವೆನ್ನುತ್ತಿದ್ದುದನ್ನು ಈಗಿನವರು ಡೇ ಕೇರ್ ಎನ್ನುತ್ತಾರೆ. ಬೆಂಗಳೂರಿನ ಅಂಥದೊಂದು ಡೇ ಕೇರಿಗೆ ನನ್ನ ಮೂರೂವರೆ ವರ್ಷದ ಮೊಮ್ಮಗ ಬೆಳಗ್ಗೆ ಒಂಬತ್ತಕ್ಕೆ ಹೋಗಿ ಸಂಜೆ ಆರೂವರೆಗೆ ಮರಳುತ್ತಾನೆ. ಅಲ್ಲಿಯ ಕೋಣೆಯ ಮೂಲೆಯಲ್ಲಿ ಸೂರಿಗೆ ಹತ್ತಿರವಾಗಿ ಒಂದು ಕ್ಯಾಮೆರಾ ಇದೆ. ಅದು ಕಂಡದ್ದೆಲ್ಲವೂ ಕಚೇರಿಯಲ್ಲಿ ಕುಳಿತ ನನ್ನ ಸೊಸೆಯ ಮೊಬೈಲಿನಲ್ಲಿ ಅದೇ ಕ್ಷಣದಲ್ಲಿ ಕಾಣುತ್ತದೆ. ಇದಲ್ಲದೆ ಮಗು ಎಷ್ಟು ತುತ್ತು ಉಂಡಿತು, ಎಷ್ಟು ಹೊತ್ತು ಮಲಗಿತು, ಎಷ್ಟು ಸಲ ಬಚ್ಚಲಿಗೆ ಹೋಯಿತು ಎಂಬ ವರದಿಯೂ ಆ್ಯಪಿನಲ್ಲಿ ಬರುತ್ತದೆ. ಒಂದು ದಿನ ಮಧ್ಯಾಹ್ನ ಅವನು ಕಾಗದದ ಮೇಲೆ ನೀಲಿಬಣ್ಣದ ಆನೆಯೊಂದನ್ನು ಗೀಚಿ, ಅಮ್ಮ ಆ ಮೂಲೆಯಿಂದ ನೋಡುತ್ತಾಳೆಂದು ಯಾರೋ ಹೇಳಿದ್ದನ್ನು ನಂಬಿ, ಕುರ್ಚಿಯ ಮೇಲೆ ಹತ್ತಿ ನಿಂತು, ಕಾಗದವನ್ನು ಎರಡೂ ಕೈಗಳಿಂದ ಮೇಲೆತ್ತಿ ಕ್ಯಾಮೆರಾಕ್ಕೆ ತೋರಿಸಿದನಂತೆ. ಸೊಸೆ ಅದನ್ನು ಕಂಡಳು, ಕಣ್ಣೊರೆಸಿಕೊಂಡಳು. ಸಂಜೆ ಮನೆಗೆ ಬಂದೊಡನೆ ಅವನನ್ನೆತ್ತಿಕೊಂಡು "ನಿನ್ನ ಆನೆ ನೋಡಿದೆ ಕಣೋ" ಎಂದಾಗ ಅವನು ಸಂತೋಷಪಡಲಿಲ್ಲ. "ಮತ್ತೆ ಯಾಕೆ ಏನೂ ಹೇಳ್ಲಿಲ್ಲ?" ಎಂದ.

ಈ ಪ್ರಶ್ನೆಯ ಮುಂದೆ ನಾವು ಮೂವರು ದೊಡ್ಡವರು ನಿರುತ್ತರರಾದೆವು. ಆ ರಾತ್ರಿ ನನಗೆ ನೆನಪಾದದ್ದು ವಿಗ್ರಹಪ್ರತಿಷ್ಠೆಯ ಒಂದು ವಿಧಿ. ಶಿಲ್ಪಿ ಮೂರ್ತಿಯನ್ನು ಎಷ್ಟೇ ನಯವಾಗಿ ಕಡೆದಿದ್ದರೂ ನೇತ್ರೋನ್ಮೀಲನವಾಗುವ ತನಕ, ಎಂದರೆ ಕಣ್ಣು ತೆರೆಯಿಸುವ ಸಂಸ್ಕಾರವಾಗುವ ತನಕ, ಅದು ಪೂಜಾರ್ಹವಲ್ಲ. ಕಣ್ಣು ತೆರೆದ ಆ ಮೊದಲ ದೃಷ್ಟಿಗೆದುರಾಗಿ ಕನ್ನಡಿ ಹಿಡಿಯುವುದೂ ಉಂಟು. ದೇವರ ದರ್ಶನಕ್ಕೆ ಹೋಗುತ್ತೇವೆಂದರೆ ದೇವರನ್ನು ನೋಡಲು ಹೋಗುತ್ತೇವೆಂಬುದು ಅರ್ಧ ಅರ್ಥ ಮಾತ್ರ. ದೇವರ ಕಣ್ಣಿಗೆ ಬೀಳಲು ಹೋಗುತ್ತೇವೆ, ಬಿದ್ದೆವೆಂಬ ನಂಬಿಕೆಯೊಡನೆ ಮರಳುತ್ತೇವೆ ಎಂಬುದು ಉಳಿದರ್ಧ. ಉಡುಪಿಯಲ್ಲಿ ನವಗ್ರಹಕಿಂಡಿಯ ಮುಂದೆ ಸಾಲಾಗಿ ನಿಲ್ಲುವ ಜನ ಒಂದು ಗಳಿಗೆ ಬಗ್ಗಿ ನೋಡಿ ತೃಪ್ತರಾಗಿ ಹೋಗುವುದು ತಾವು ನೋಡಿದ್ದರಿಂದ ಮಾತ್ರವೇ ಎಂದು ನನಗೆ ಅನ್ನಿಸುವುದಿಲ್ಲ. ಹೀಗೆ ಎರಡು ದಿಕ್ಕಿಗೂ ಹರಿಯುವ ದೃಷ್ಟಿಯೇ ದರ್ಶನ. ಮೂಲೆಯ ಕ್ಯಾಮೆರಾ ಒಂದೇ ದಿಕ್ಕಿನದು. ನೋಡುವವಳಿಗೆ ಅದರಿಂದ ಸಮಾಧಾನವುಂಟು. ನೋಡಿಸಿಕೊಳ್ಳುವವನಿಗೆ ಅದು ಕಪ್ಪು ಗಾಜಿನ ಗೋಲಿ. ಮೀನಿನ ನೋಟದಿಂದ ಪುಷ್ಟಿ ಮರಿಗೆ. ಈ ನೋಟದಿಂದ ಪುಷ್ಟಿ ತಾಯಿಗೆ. ಉಪಮೆ ತಲೆಕೆಳಗಾಯಿತಲ್ಲವೇ!

ನಮ್ಮ ಕಾನೂನು ಈ ವಿಷಯದಲ್ಲಿ ಕವಿಗಿಂತ ಮಿಗಿಲಾಗಿ ವಿವೇಕ ತೋರಿದೆಯೆಂದರೆ ಓದುಗರಿಗೆ ಆಶ್ಚರ್ಯವಾದೀತು. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿಯ ಪ್ರಕಾರ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಕರ್ಯ ಒದಗಿಸಬೇಕೆಂದಾಯಿತು. ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಅವಕಾಶವಿರಬೇಕೆಂದೂ ಆಯಿತು. ನಾಲ್ಕು ಸಲ! ಆ ಕರಡನ್ನು ಬರೆದವರು ಯಾರೋ, ವಾತ್ಸಲ್ಯವನ್ನು ಹೆಜ್ಜೆಗಳಲ್ಲಿ ಅಳೆಯಬೇಕೆಂದು ಬಲ್ಲವರಿರಬೇಕು. ಕೇಂದ್ರವು ಕಚೇರಿಗೆ ಐದಾರು ಮೈಲಿ ದೂರವಾದಾಗ, ನಡುವೆ ಸಿಲ್ಕ್‌ಬೋರ್ಡಿನಂಥ ವೃತ್ತವೊಂದು ಅಡ್ಡಬಂದಾಗ, ಈ ನಾಲ್ಕು ಭೇಟಿಗಳು ಕಾಗದದ ಮೇಲೆ ಉಳಿದು, ಅವುಗಳ ಸ್ಥಾನಕ್ಕೆ ಆ್ಯಪು ಬಂದು ಕುಳಿತುಕೊಳ್ಳುತ್ತದೆ. ಸಿದ್ಧ ಉಡುಪು ಕಾರ್ಖಾನೆಯ ಶಿಶುಪಾಲನಾ ಕೋಣೆಯಲ್ಲಿ ಮಗುವನ್ನು ಬಿಟ್ಟು ಹೊಲಿಗೆಯಂತ್ರದ ಮುಂದೆ ಕುಳಿತವಳಿಗೆ ಹಗಲಿನಲ್ಲಿ ಮೊಬೈಲು ಮುಟ್ಟುವ ಬಿಡುವೆಲ್ಲಿ? ಆದರೆ ಊಟದ ಗಂಟೆ ಹೊಡೆದಾಗ ಮೆಟ್ಟಿಲಿಳಿದು ಹೋಗಿ ಮಗುವಿಗೆ ಹಾಲೂಡಿ ಬರುವ ಆಕೆಗೂ, ಮೊಬೈಲಿನಲ್ಲಿ ಹತ್ತು ಸಲ ಇಣುಕುವ ನನ್ನ ಸೊಸೆಗೂ ನಡುವೆ ಭಾಗ್ಯವಂತೆ ಯಾರೆಂದು ನಿರ್ಣಯಿಸಲು ನಾನು ಹಿಂಜರಿಯುತ್ತೇನೆ.

ಅಂಗನವಾಡಿಯ ಕಥೆ ಬೇರೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟದ್ದು ತಿರುಮಕೂಡಲು ನರಸೀಪುರದಲ್ಲಿ, 100 ಕೇಂದ್ರಗಳೊಡನೆ. ಇಂದು ರಾಜ್ಯದಲ್ಲಿ ಅವುಗಳ ಸಂಖ್ಯೆ 65,000ಕ್ಕೂ ಮಿಗಿಲು. 2021ರಿಂದ ಅಲ್ಲಿಯ ಕಾರ್ಯಕರ್ತೆಯ ಕೈಯಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಆ್ಯಪಿದೆ: ಮಗುವಿನ ತೂಕ, ಎತ್ತರ, ಹಾಜರಿ ಎಲ್ಲವೂ ಅದರೊಳಗೆ ಸೇರಬೇಕು. ತೂಕ ಇಳಿದಾಗ ತಾಯಿಯನ್ನು ಕರೆದು ಗೆರೆ ತೋರಿಸಿ ಎಚ್ಚರಿಸಲು ಇದು ಉಪಕಾರಿಯೆಂಬುದನ್ನು ಅಲ್ಲಗಳೆಯಲಾರೆ. ಆದರೆ ನಾನು ಕಂಡ ಒಂದು ಕೇಂದ್ರದಲ್ಲಿ, ನೆಟ್‌ವರ್ಕ್ ಸಿಗದೆ ಕಾರ್ಯಕರ್ತೆ ಮೊಬೈಲನ್ನು ತಲೆಯ ಮೇಲೆತ್ತಿ ಹೊಸ್ತಿಲಾಚೆ ನಿಂತಿದ್ದಳು; ಒಳಗೆ ಸಹಾಯಕಿ ಒಬ್ಬಳೇ ಸೌಟು ಹಿಡಿದು ಮಕ್ಕಳಿಗೆಲ್ಲ ಬಡಿಸುತ್ತಿದ್ದಳು. ಸಂಜಯನಿಗೆ ವ್ಯಾಸರು ದಿವ್ಯದೃಷ್ಟಿ ಕೊಟ್ಟಾಗ ಅವನ ಮೇಲೆ ಹೇಳುವ ಹೊಣೆಯೊಂದೇ ಇದ್ದಿತು. ಕೌರವರ ನೂರು ಮಂದಿಗೂ ಉಣಬಡಿಸಿ ಮೂತಿ ಒರೆಸುವ ಹೊಣೆಯನ್ನು ಯಾರೂ ಅವನಿಗೆ ಹೊರಿಸಿರಲಿಲ್ಲ. ಶಿಶುವಿನ ಫೋಟೋ ತೆಗೆಯುವ ಕೈ, ಆ ಕ್ಷಣದ ಮಟ್ಟಿಗೆ, ಶಿಶುವನ್ನು ಹಿಡಿಯದ ಕೈ ಎಂಬುದನ್ನು ಮೇಲಧಿಕಾರಿಗಳೂ ಮರೆಯುತ್ತಾರೆ, ನಾವೂ ಮರೆಯುತ್ತೇವೆ.

ಹಾಗೆಂದು ಯಂತ್ರವನ್ನು ಕಿತ್ತೆಸೆಯಬೇಕೆಂಬ ಪಕ್ಷ ನನ್ನದಲ್ಲ. ಜ್ವರ ಬಂದ ಮಗುವಿನ ಸುದ್ದಿ ಸಂಜೆಯವರೆಗೆ ತಿಳಿಯದೆ ಹೋಗುತ್ತಿದ್ದ ಕಾಲವನ್ನು ನಾನು ಕಂಡವನು; ಮೈಮೇಲಿನ ಬಾಸುಂಡೆಗೆ ಸಾಕ್ಷಿಯಿಲ್ಲದೆ ಹೋದ ಕಾಲವನ್ನೂ ಕೇಳಿಬಲ್ಲೆ. ನನ್ನ ಜಿಜ್ಞಾಸೆ ಇಷ್ಟೇ: ನೋಟದ ಹಂಬಲದಲ್ಲಿ ನಾವು ಆಮೆಯನ್ನು ಕಡೆಗಣಿಸಿದೆವೋ ಏನೋ. ನೆನಪಿಗೆ ಎಡೆಬೇಕು, ಕಾಣದಿರುವಿಕೆ ಬೇಕು. ಕಣ್ಣೆದುರಿಗೇ ಇರುವುದನ್ನು ಯಾರೂ ನೆನೆಯುವುದಿಲ್ಲ. ಗೋಕುಲದ ತಾಯಂದಿರು ದನ ಕಾಯಲು ಹೋದ ಮಕ್ಕಳನ್ನು ಗೋಧೂಳಿಯವರೆಗೆ ಕಾಣದೆ ಇದ್ದುದರಿಂದಲೇ ಆ ಧೂಳಿಗೆ ಅಷ್ಟು ಮಹಿಮೆ ಬಂದಿತು. ಬೆಳಗ್ಗಿನಿಂದ ಇಣುಕಿ ಇಣುಕಿ ಎಲ್ಲವನ್ನೂ ಕಂಡುಬಿಟ್ಟ ತಾಯಿ ಸಂಜೆ "ಇವತ್ತು ಏನಾಯ್ತಪ್ಪ?" ಎಂದು ಕೇಳುವುದನ್ನೇ ಬಿಡುತ್ತಾಳೆ; ಕೇಳಿದರೂ ಅದು ಉತ್ತರ ತಿಳಿದವರ ಪ್ರಶ್ನೆ. ಮಗುವಿಗಾದರೋ ತನ್ನ ದಿನವನ್ನು ತಾನೇ ಹೇಳುವ, ಹೇಳುತ್ತ ಸ್ವಲ್ಪ ಬಣ್ಣ ಬಳಿಯುವ, ಸ್ವಲ್ಪ ಮುಚ್ಚಿಡುವ ಹಕ್ಕು ಕೈತಪ್ಪುತ್ತದೆ. ಮೂರೂವರೆ ವರ್ಷದವನಿಗೂ ಗುಟ್ಟೊಂದಿರಬಾರದೇ?

ಸೊಸೆಯೊಡನೆ ಈ ಮಾತುಗಳನ್ನೆಲ್ಲ ನಾನು ಆಡಲಿಲ್ಲ. ಮಾವನ ವೇದಾಂತವನ್ನು ಸೊಸೆ ಸಹಿಸಬೇಕೆಂಬ ವಿಧಿಯೇನೂ ಇಲ್ಲ. ತನಗೆ ತಾನೇ ಅವಳೊಂದು ಏರ್ಪಾಡು ಮಾಡಿಕೊಂಡಳು. ಈಗ ಕ್ಯಾಮೆರಾವನ್ನು ಅಷ್ಟಾಗಿ ತೆರೆಯುವುದಿಲ್ಲ. ಮೂರು ಗಂಟೆಗೆ ಮಕ್ಕಳು ಮಲಗಿ ಎದ್ದ ಮೇಲೆ ಅಲ್ಲಿಯ ಆಯಾ ಇವಳಿಗೊಂದು ಕರೆ ಮಾಡಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮೊಬೈಲನ್ನು ಅದರ ಕಿವಿಗೆ ಹಿಡಿಯುತ್ತಾಳೆ. ವಿಡಿಯೋ ಇಲ್ಲ, ಬರಿಯ ಧ್ವನಿ. ಎಚ್ಚರ ಪೂರ್ತಿಯಾಗದ ಹುಡುಗ ಬಾಯಿ ಬಿಡುವುದಿಲ್ಲ. ಮೊನ್ನೆ ಒಂದು ದಿನ ಸೊಸೆ ಮನೆಯಿಂದಲೇ ಕೆಲಸ ಮಾಡುತ್ತಿದ್ದುದರಿಂದ ಆ ಕರೆಯನ್ನು ನಾನೂ ಕೇಳಿದೆ. ಇವಳು ಊಟ ಮಾಡಿದೆಯಾ, ಕನಸು ಬಿತ್ತಾ, ಆನೆ ಬರೆದೆಯಾ ಎಂದು ಒಂದೊಂದಾಗಿ ಕೇಳುತ್ತಾಳೆ. ಆ ಕಡೆಯಿಂದ ಉಸಿರಿನ ಸಪ್ಪಳವಷ್ಟೇ. ಪ್ರತಿಯೊಂದು ಪ್ರಶ್ನೆಯಾದ ಮೇಲೂ ಆಯಾಳ ದನಿ, ತುಸು ದೂರದಿಂದ:

"ತಲೆ ಆಡಿಸ್ತಾವ್ನೆ, ಮೇಡಂ."